ಸೀಸದ ಮೇಲೊಂದು ಪಿನ್ನು, ಕೆಳಗೊಂದು

ಎರಡನೇ ಮಹಾಯುದ್ಧ ಮುಗಿದ ಮರುವರ್ಷ ನನ್ನ ಬಲಗೆನ್ನೆ ಮತ್ತೆ ಊದಿಕೊಂಡಿತು. ಮಳವಳ್ಳಿಯ ತವರಿಗೆ ಹೋಗಿದ್ದಾಗ ಮೇಲಿನ ದವಡೆಹಲ್ಲೊಂದನ್ನು ಕೀಳಿಸಿಕೊಂಡು ಬಂದಿದ್ದೆ. ಹಲ್ಲು ಹೋಗಿತ್ತು, ನೋವು ಹೋಗಿರಲಿಲ್ಲ. ಆಗ ನಾನು ಮದ್ದೂರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಕೆನ್ನೆ ಹಿಡಿದುಕೊಂಡೇ ಮಗ್ಗಿ ಹೇಳಿಸುತ್ತಿದ್ದೆ. ಕೊನೆಗೆ ಹುಡುಗಿಯರೂ ಕೆನ್ನೆ ಹಿಡಿದುಕೊಂಡು ಮಗ್ಗಿ ಒಪ್ಪಿಸತೊಡಗಿದಾಗ ಇನ್ನು ಸುಮ್ಮನಿರಬಾರದು ಎನ್ನಿಸಿತು. ಗಂಡನಿಗೆ ರಜೆ ಸಿಗಲಿಲ್ಲ. ಅತ್ತೆಯನ್ನು ಜೊತೆಗೆ ಕರೆದುಕೊಂಡು ಮಂಡ್ಯದ ರೈಲು ಹತ್ತಿದೆ.

ಮಂಡ್ಯಕ್ಕೆ ಹೊಸದಾಗಿ ಬಂದಿದ್ದ ಹಲ್ಲಿನ ಡಾಕ್ಟರೊಬ್ಬರು ಒಸಡಿನ ಒಳಗಿನದನ್ನೂ ಫೋಟೋ ತೆಗೆಯುತ್ತಾರೆಂದು ಕೇಳಿದ್ದೆ. ನೋವು ಹೋದರೆ ಸಾಕು ಎನ್ನುವುದರ ಜೊತೆಗೆ, ನನ್ನ ಮೂಳೆಯನ್ನು ನಾನೇ ನೋಡಬಹುದಲ್ಲ ಎಂಬ ಆಸೆಯೂ ಇತ್ತು.

ಡಾಕ್ಟರು ಸೈನ್ಯದಲ್ಲಿ ಸಿಪಾಯಿಗಳ ಹಲ್ಲು ನೋಡಿ ಬಂದವರು. ನನ್ನ ಬಾಯಿಯೊಳಗೆ ಇಣುಕಿ, "ಬೇರಿನ ಚೂರು ಒಳಗೇ ಉಳಿದಿರಬೇಕು. ಎಲ್ಲಿದೆ ಅಂತ ಗೊತ್ತಿಲ್ಲದೆ ಕೆದಕಬಾರದು. ಒಂದು ಎಕ್ಸ್‌ರೇ ತೆಗೆಯೋಣ" ಎಂದರು.

"ಎಡಗಡೆಯದೂ ತೆಗೀರಿ ಡಾಕ್ಟ್ರೇ."

"ಅಲ್ಲೇನಾಗಿದೆ?"

"ಏನಿಲ್ಲ. ಹೇಗಿದೆ ಅಂತ ನೋಡೋಣ ಅಂತ."

ಅವರು ನಗಲಿಲ್ಲ. ತಮ್ಮ ಬಲಗೈಯನ್ನು ನನ್ನ ಮುಂದೆ ಚಾಚಿದರು. ತೋರುಬೆರಳಿನ ಚರ್ಮ ಒಣಗಿ ಬಿರಿದಿತ್ತು, ಉಗುರು ಸೊಟ್ಟಗಾಗಿತ್ತು. "ಸಿಪಾಯಿಗಳ ಬಾಯಲ್ಲಿ ಫಿಲ್ಮನ್ನು ನಾನೇ ಒತ್ತಿ ಹಿಡಿಯುತ್ತಿದ್ದೆ. ಆಗ ಏನೂ ಅನ್ನಿಸಲಿಲ್ಲ, ಕಿರಣ ಬಿದ್ದೂ ಬಿದ್ದೂ ಆಮೇಲೆ ಹೀಗಾಯಿತು. ಬೇಕಾದಷ್ಟೇ ತೆಗೆಯೋದಮ್ಮ." ಕೈ ಹಿಂತೆಗೆದು ಕೇಳಿದರು: "ನೀವೇನಾದರೂ ಬಸುರಿಯೇ?"

ನಾನು ತಲೆ ತಗ್ಗಿಸಿದೆ. ಗಂಡನಿಗೂ ಇನ್ನೂ ಹೇಳಿರಲಿಲ್ಲ. ಹಿಂದಿನಿಂದ ಅತ್ತೆ ಹೇಳಿಯೇಬಿಟ್ಟರು: "ಇರ್ಬೋದು ಕಣಪ್ಪ. ಅವ್ಳು ಬಾಯ್ ಬುಡಾಕಿಲ್ಲ. ಒಂದೇ ಮನೇಲಿದ್ದು ನಂಗೆ ಗೊತ್ತಾಗಾಕಿಲ್ವಾ?"

ಡಾಕ್ಟರು ಕುರ್ಚಿಗೆ ಒರಗಿ ಯೋಚಿಸಿದರು. ಕೀವು ಹಾಗೇ ಬಿಟ್ಟರೂ ಒಳ್ಳೆಯದಲ್ಲ, ತೆಗೆಯೋಣ, ಆದರೆ ಹುಷಾರಾಗಿ ಎಂದರು. ಗೂಟಕ್ಕೆ ನೇತುಹಾಕಿದ್ದ ತೊಗಲಿನ ಹೊದಿಕೆಯೊಂದನ್ನು ತಂದು ನನ್ನ ಕುತ್ತಿಗೆಯಿಂದ ಮೊಣಕಾಲಿನವರೆಗೆ ಹೊದಿಸಿದರು. ಒಳಗೆ ಸೀಸದ ತಗಡಿಟ್ಟು, ಜಟಕಾ ಕುದುರೆಗಳಿಗೆ ಜೀನು ಹೊಲಿಯುವ ಸಾಹೇಬರೊಬ್ಬರಿಂದ ಹೊಲಿಸಿದ್ದಂತೆ. ಎಮ್ಮೆಕರುವೊಂದು ಮಡಿಲೇರಿ ಕೂತಷ್ಟು ಭಾರ.

ಅತ್ತೆ ಅದನ್ನು ಒತ್ತಿ ನೋಡಿದರು. "ಆ ಬೆಳಕು ಕಣ್ಗೆ ಕಾಣ್ತದಾ?"

"ಇಲ್ಲಮ್ಮ."

"ಮೈಗೆ ಬಿಸಿ ಆಯ್ತದಾ?"

"ಅದೂ ಇಲ್ಲ."

"ಮತ್ತೆ ಈ ತೊಗ್ಲು ಅದ್ನ ತಡೀತದೆ ಅಂತ ನಿಮ್ಗೆ ಎಂಗ್ ಗೊತ್ತು?"

ನನಗೂ ಅದೇ ಬೇಕಾಗಿತ್ತು. ಡಾಕ್ಟರು ಹೇಳಿದರು: ಮಿಷನ್ ಇಟ್ಟ ಹೊಸದರಲ್ಲಿ, ಪಕ್ಕದ ಕೋಣೆಯ ಗೋಡೆಗೆ ಫಿಲ್ಮಿನ ಪೊಟ್ಟಣವೊಂದನ್ನು ಅಂಟಿಸಿ ಅದರ ಮೇಲೆ ಬೀಗದ ಕೈ ಕಟ್ಟಿದ್ದರಂತೆ. ಕೆಲವು ದಿನ ಬಿಟ್ಟು ತೊಳೆದು ನೋಡಿದರೆ ಬೀಗದ ಕೈಯ ನೆರಳು ಮೂಡಿತ್ತು. ಕಿರಣ ಗೋಡೆ ದಾಟಿತ್ತು. ಕಾದು ಕೂರುವವರ ಬೆಂಚನ್ನು ಅಂದೇ ಅಲ್ಲಿಂದ ಎತ್ತಿಸಿದರು.

"ಹಾಗಾದರೆ ಇಲ್ಲೂ ಇಟ್ಟು ನೋಡಬಹುದಲ್ಲ?" ಎಂದು ನಾನು ಜಡೆಯಿಂದ ಎರಡು ಪಿನ್ನು ಕಿತ್ತು ಕೊಟ್ಟೆ.

ಅವರು ಮೊದಲ ಸಲ ನಕ್ಕರು. ಪಿನ್ನು ಕಟ್ಟಿದ ಒಂದು ಪೊಟ್ಟಣವನ್ನು ಹೊದಿಕೆಯ ಮೇಲಿಟ್ಟರು, ಇನ್ನೊಂದನ್ನು ಹೊದಿಕೆಯ ಕೆಳಗೆ, ನನ್ನ ಹೊಟ್ಟೆಯ ಮೇಲೆ ಇಡಿಸಿದರು. ಕಿರಣ ಹರಡದಂತೆ ಮಿಷನ್ನಿನ ಬಾಯಿಗೆ ಸಣ್ಣ ತೂತಿನ ಸೀಸದ ಬಿಲ್ಲೆ ಸಿಕ್ಕಿಸಿದರು. ಬಾಯೊಳಗಿನ ಫಿಲ್ಮನ್ನು ಹೆಬ್ಬೆರಳಿನಿಂದ ಒತ್ತಿ ಅಲುಗಾಡದೆ ಕೂರುವುದನ್ನು ಮಿಷನ್ ಹಾಕದೆಯೇ ಅಭ್ಯಾಸ ಮಾಡಿಸಿದರು. ಅಲುಗಾಡಿದರೆ ಇನ್ನೊಮ್ಮೆ ತೆಗೆಯಬೇಕಾಗುತ್ತದೆ, ಅದಾಗಬಾರದು ಎಂದರು. ಅತ್ತೆಯನ್ನು ಹೊರಗೆ ಕಳಿಸಿ, ತಾವೂ ಸೀಸದ ತಗಡು ಹೊಡೆಸಿದ್ದ ಇನ್ನೊಂದು ಗೋಡೆಯಾಚೆ ನಿಂತು ಗುಂಡಿ ಒತ್ತಿದರು. ಜೇನ್ನೊಣದಂಥ ಸದ್ದೊಂದು ಬಂದು ನಿಂತಿತು. ಅಷ್ಟೇ.

ಹಿಂದಿನ ಬಚ್ಚಲುಮನೆಯೇ ಅವರ ಕತ್ತಲೆ ಕೋಣೆ. ನೋಡಬೇಕೆಂದು ಕೇಳಿದಾಗ ನನ್ನನ್ನೂ ಒಳಗೆ ಬಿಟ್ಟರು. ಕೆಂಪು ದೀಪದಡಿ ಫಿಲ್ಮುಗಳನ್ನು ದ್ರಾವಣದಲ್ಲಿ ಅದ್ದಿ ಕಾದರು. "ಅವಸರದವರು ಹೆಚ್ಚು ಕಿರಣ ಕೊಟ್ಟು ಬೇಗ ಎತ್ತಿಬಿಡುತ್ತಾರೆ. ನಾನು ಕಿರಣ ಕಡಿಮೆ ಕೊಟ್ಟು ಇಲ್ಲಿ ಹೆಚ್ಚು ಹೊತ್ತು ಬಿಡುತ್ತೇನೆ."

ಮುಚ್ಚಿದ ಬಾಗಿಲಾಚೆಯಿಂದ ಅತ್ತೆಯ ದನಿ ಬಂತು: "ಉರಿ ತಗ್ಗಿಸಿ ನಿಧಾನಕ್ ಬೇಯ್ಸೋದು ಅನ್ನಿ!"

"ಹೌದಮ್ಮ, ಹಾಗೇ" ಎಂದರು ಡಾಕ್ಟರು.

ತೊಳೆದ ಫಿಲ್ಮುಗಳನ್ನು ಹೊರಗೆ ತಂದು ಕಿಟಕಿಯ ಬೆಳಕಿಗೆ ಹಿಡಿದರು. ಹಲ್ಲಿನದರಲ್ಲಿ ಅಕ್ಕಿನುಚ್ಚಿನಂಥ ಬಿಳಿ ಚೂರು ಓರೆಯಾಗಿ ಕೂತಿತ್ತು. ಹೊದಿಕೆಯ ಮೇಲಿದ್ದ ಫಿಲ್ಮು ತೆಳುವಾಗಿ ಮಬ್ಬಾಗಿತ್ತು, ಆ ಮಬ್ಬಿನ ನಡುವೆ ನನ್ನ ಪಿನ್ನಿನ ಆಕಾರ ಮಸುಕಾಗಿ ಕಾಣುತ್ತಿತ್ತು. ಹಲ್ಲಿಗೆಂದು ಬಿಟ್ಟ ಕಿರಣ ಅಲ್ಲಿಯವರೆಗೂ ಇಳಿದು ಬಂದಿತ್ತು! ಹೊದಿಕೆಯ ಕೆಳಗಿನದರಲ್ಲಿ ಏನೂ ಇರಲಿಲ್ಲ. ಗಾಜಿನ ಹಾಗೆ ತಿಳಿಯಾಗಿತ್ತು; ಹೊದಿಕೆ ಕಿರಣವನ್ನು ತಡೆದಿತ್ತು. ನೋಡಬೇಕೆಂದು ಆಸೆಪಟ್ಟಿದ್ದ ನನ್ನ ಮೂಳೆಯನ್ನು ಬಿಟ್ಟು ಆ ಖಾಲಿ ಫಿಲ್ಮನ್ನೇ ನೋಡುತ್ತ ನಿಂತೆ. ನನ್ನೊಳಗೆ ಇನ್ನೊಂದು ಜೀವವಿದೆ ಎಂದು ನಾನು ನಿಜವಾಗಿ ನಂಬಿದ್ದು ಆ ಗಳಿಗೆಯಲ್ಲೇ.

ಚೂರನ್ನು ಅಂದೇ ತೆಗೆದರು. ಊತ ಇಳಿಯಿತು. ಮಳವಳ್ಳಿಯಲ್ಲಿ ಹೆಣ್ಣುಮಗು ಹುಟ್ಟಿತು, ಗಟ್ಟಿಮುಟ್ಟಾಗಿ ಬೆಳೆಯಿತು.

ಚೂರು ತೆಗೆದ ಮುಂದಿನ ವಾರ ಗಾಯ ತೋರಿಸಲು ಮತ್ತೊಮ್ಮೆ ಮಂಡ್ಯಕ್ಕೆ ಹೋಗಿದ್ದಾಗ ನನಗಿಂತ ಮೊದಲು ಅತ್ತೆಯೇ ಕುರ್ಚಿಯಲ್ಲಿ ಕೂತರು. "ನಂಗೂ ಒಂದು ಫೋಟೋ ತೆಗೀರಿ. ಮುಂದ್ಲಲ್ಲು ನೋಯ್ತದೆ."

ಡಾಕ್ಟರು ಆ ಹಲ್ಲನ್ನು ಬೆರಳಲ್ಲಿ ಮುಟ್ಟಿದರು. ಅದು ಅತ್ತಿತ್ತ ವಾಲಾಡಿತು. "ಇದಕ್ಕೆ ಫೋಟೋ ಯಾಕಮ್ಮ?" ಎಂದು ಕಿತ್ತು ಕೈಗೆ ಕೊಟ್ಟರು.

ಮದ್ದೂರು ಬರುವವರೆಗೂ ಅತ್ತೆ ಸೆರಗಿನ ತುದಿಯಲ್ಲಿ ಹಲ್ಲು ಕಟ್ಟಿಕೊಂಡು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ರೈಲಿನಿಂದ ಇಳಿಯುವಾಗ ಹೇಳಿದರು: "ನಿಂಗೆ ಮೂರು ಫಿಲಂ ಆಕ್ದ. ನಂಗೆ ಒಂದ್ನೂ ಆಕ್ನಿಲ್ಲ ನೋಡು."