ಅಂಗಾಲಿನ ಹನಿ

ನಮ್ಮ ಯಜಮಾನರಿಗೆ ನಿವೃತ್ತಿಯಾದ ಮೇಲೆ ನಿದ್ದೆ ಹಾರಿಹೋಯಿತು. ಮೂವತ್ತು ವರ್ಷ ಆಫೀಸಿನಲ್ಲಿ ಕೂತಲ್ಲೇ ತೂಕಡಿಸಿದವರಿಗೆ ಇನ್ನು ಹಾಸಿಗೆಯಲ್ಲಿ ನಿದ್ದೆ ಎಲ್ಲಿಂದ ಬರಬೇಕು? ಹಾಗೆಂದರೆ ಮುಖ ಊದಿಸಿಕೊಳ್ಳುತ್ತಾರೆ. ಕೊನೆಗೆ ಸ್ನೇಹಿತರೊಬ್ಬರ ಮಾತು ಕೇಳಿ ಕುಣಿಗಲ್ ಕಡೆ ನಡೆದ ಒಂದು ಬೌದ್ಧ ಧ್ಯಾನ ಶಿಬಿರಕ್ಕೆ ಹೋದರು. ಮೂರು ದಿನ ಬಿಟ್ಟು ತುಮಕೂರಿಗೆ ವಾಪಸಾದಾಗ ಕೈಯಲ್ಲಿ ಹೆಬ್ಬೆರಳ ಗಾತ್ರದ ಒಂದು ಸೀಸೆ. ಭಿಕ್ಷುಗಳು ಮಂತ್ರ ಪಠಿಸಿ ಕೊಟ್ಟ ಎಣ್ಣೆಯಂತೆ. ಗಂಧ, ಲಾವಂಚ, ಇನ್ನೂ ಏನೇನೋ. ಪರಿಮಳ ಮಾತ್ರ ಚೆನ್ನಾಗಿತ್ತು, ಸುಳ್ಳು ಹೇಳಬಾರದು.

ಮಲಗುವ ಮುಂಚೆ ನಾಲ್ಕು ಹನಿ. ಹಣೆಗೊಂದು, ತನಗೆ. ಎದೆಗೊಂದು, ಪ್ರೀತಿಯವರಿಗೆ. ಅಂಗೈಗೊಂದು, ಗುರುತು ಪರಿಚಯವಿಲ್ಲದವರಿಗೆ. ಅಂಗಾಲಿಗೊಂದು, ನಮ್ಮ ಮನಸ್ಸು ಕೆಡಿಸಿದ ವೈರಿಗೆ. ಒಂದೊಂದು ಹನಿಗೂ ಒಬ್ಬರನ್ನು ನೆನೆದು ‘ಸುಖವಾಗಿರಲಿ’ ಎನ್ನಬೇಕು.

ವಿಭೂತಿ ಹಚ್ಚಿ ಬೆಳೆದ ಕೈ! ಮೊದಲ ದಿನವೇ ಮೂರು ಬೆರಳಲ್ಲಿ ಹಣೆಯುದ್ದಕ್ಕೂ ಎಣ್ಣೆಯ ಪಟ್ಟೆ ಎಳೆದುಕೊಂಡರು. ‘ಬುದ್ಧಂ ಶರಣಂ ಗಚ್ಛಾಮಿ’ ಎಂದು ಮೂರು ಸಲ ಹೇಳಿ, ಕೊನೆಗೆ ಅಭ್ಯಾಸಬಲದಿಂದ ‘ಓಂ ನಮಃ ಶಿವಾಯ’ ಅಂದುಬಿಟ್ಟರು. ನಾನು ಹೊದಿಕೆ ಬಾಯಿಗೆ ತುರುಕಿಕೊಂಡು ನಕ್ಕೆ.

“ರೀ, ಇಬ್ರಲ್ಲಿ ಯಾರು ಬಂದು ಜೋಗುಳ ಹಾಡ್ಬೇಕು ಅಂತ ಮೊದ್ಲು ತೀರ್ಮಾನ ಮಾಡ್ಕೊಳಿ.”

“ಬಾಯ್ಮುಚ್ಕೊಂಡು ಮಲ್ಕೊಳೇ” ಎಂದರು. ಎಂಥ ಕರುಣೆ!

ಅಂಗೈಯ ಹನಿ ಯಾರಿಗೆ ಎಂದು ಕೇಳಿದ್ದಕ್ಕೆ, ಕ್ಯಾತ್ಸಂದ್ರದ ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟ ಯಾರೋ ಹುಡುಗಿಗೆ ಎಂದರು. ಎದೆಯ ಹನಿ ಯಾರಿಗೆಂದು ನಾನು ಕೇಳಲಿಲ್ಲ. ಇಷ್ಟು ವರ್ಷ ಬೇಯಿಸಿ ಹಾಕಿದವಳು ಅದನ್ನೂ ಕೇಳಬೇಕೇ? ಅಂಗಾಲಿನದನ್ನೂ ಕೇಳಲಿಲ್ಲ. ಗುಬ್ಬಿಯಲ್ಲಿರುವ ಅವರ ತಂಗಿ, ನನ್ನ ನಾದಿನಿ, ಇನ್ಯಾರು?

ಆರು ವರ್ಷದ ಹಿಂದೆ, ನಮ್ಮ ಗೃಹಪ್ರವೇಶದ ಮಾರನೆಯ ದಿನ, ಮನೆ ತುಂಬ ನೆಂಟರು. ನಾನು ಮಾಡಿದ ರಾಗಿಮುದ್ದೆ ಮುರಿದು, ಒಳಗಿದ್ದ ಹಸಿ ಹಿಟ್ಟಿನ ಗಂಟನ್ನು ಈ ಮಹಾತಾಯಿ ಎಲ್ಲರಿಗೂ ಎತ್ತಿ ತೋರಿಸಿದಳು. “ಅತ್ತಿಗೆ, ನಿಮ್ ಮುದ್ದೆ ಒಳಗೆ ಮರಿ ಹಾಕೈತಲ್ಲ!” ಪಂಕ್ತಿಯೆಲ್ಲ ಗೊಳ್ಳೆಂದಿತು. ನನ್ನ ಗಂಡನೂ ನಕ್ಕರು. ಅಂದಿನಿಂದ ನಾನು ಅವಳ ಮನೆಯ ಹೊಸಿಲು ತುಳಿದಿಲ್ಲ.

ಈಗ ಅವಳ ಮಗಳ ಮದುವೆ. ನಮ್ಮಲ್ಲಿ ಹೆಣ್ಣನ್ನು ಮಂಟಪಕ್ಕೆ ಕರೆತರುವವನು ಸೋದರಮಾವ. ನಾದಿನಿಗೆ ಇರುವುದು ಒಬ್ಬನೇ ಅಣ್ಣ. ಅವನೇ ಬಾರದಿದ್ದರೆ ನೆಂಟರಿಷ್ಟರ ಮುಂದೆ ತಲೆ ಎತ್ತುವ ಹಾಗಿಲ್ಲ. ಅನುಭವಿಸಲಿ ಬಿಡಿ ಎಂದುಕೊಂಡೆ. “ನಾನಂತೂ ಬರಲ್ಲ. ನೀವು ಹೋದ್ರೆ ಅಲ್ಲೇ ಇದ್ಬಿಡಿ” ಎಂದು ಖಡಾಖಂಡಿತವಾಗಿ ಹೇಳಿದೆ. ಅವರು ಸೀಸೆ ಎತ್ತಿಕೊಂಡರು.

ಅವರಿಗೆ ಸೊಂಟನೋವು, ಬಗ್ಗಿ ಪಾದ ಮುಟ್ಟಲಾಗದು. ಹಾಗಾಗಿ ಕಾಲಿನ ಹನಿ ಹಚ್ಚುವ ಕೆಲಸ ನನಗೆ ಬಂತು. ನಾನೇಕೆ ಬೇಡ ಅನ್ನಲಿ? ನಾದಿನಿಯನ್ನು ಗಂಡನ ಕಾಲಡಿ ಹಾಕಿ ತಿಕ್ಕುವ ಭಾಗ್ಯ ಎಷ್ಟು ಜನಕ್ಕುಂಟು? ಹಿಮ್ಮಡಿಯ ಬಿರುಕಿಗೆಲ್ಲ ಇಳಿಯುವ ಹಾಗೆ ತಿಂಗಳಿಡೀ ತಿಕ್ಕಿದೆ. ಅವರಿಗೆ ನಿದ್ದೆ ಬಂತೋ ಇಲ್ಲವೋ, ನನಗಂತೂ ಸೊಗಸಾಗಿ ಬರುತ್ತಿತ್ತು.

ಮದುವೆಗೆ ವಾರವಿದ್ದಾಗ ತಡೆಯಲಾರದೆ ಚುಚ್ಚಿದೆ.

“ದಿನಾ ಇಷ್ಟು ತಿಕ್ಕಿಸ್ಕೊಂಡ್ರಲ್ಲ, ನಿಮ್ ತಂಗಿಗೆ ಬುದ್ಧಿ ಬಂತಾ?”

“ಅವಳ್ದೆಲ್ಲಿ ಬಂತು ಇಲ್ಲಿ? ಅವ್ಳು ಎದೆ ಹನಿ ಕಣೇ.”

ನನ್ನ ಕೈ ನಿಂತಿತು. “ಹಂಗಾದ್ರೆ ಕಾಲಿಂದು?”

ಅವರು ಫ್ಯಾನ್ ನೋಡುತ್ತಲೇ ಅಂದರು, “ನಿಂದು.”

ನಾನು ಅವರ ಕಾಲನ್ನು ಹಾಸಿಗೆಯ ಮೇಲೆ ಬಿಟ್ಟೆ.

“ಬೇಜಾರು ಮಾಡ್ಕೋಬೇಡ. ನೋವು ಕೊಡ್ತಿರೋರ್ಗೇ ಒಳ್ಳೇದು ಬಯಸ್ಬೇಕು ಅಂತ ಭಿಕ್ಷುಗಳು ಹೇಳಿದ್ರು. ನಂಗೆ ಬೇರೆ ಯಾರೂ ನೆನಪಿಗೆ ಬರ್ಲಿಲ್ಲ.”

ಸೀಸೆಯನ್ನು ಗೋಡೆಗೆ ಬಡಿಯಬೇಕೆನಿಸಿತು. ಅವರು ವ್ಯಂಗ್ಯಕ್ಕೆ ಅಂದಿದ್ದರೆ ಬಡಿಯುತ್ತಿದ್ದೆನೇನೋ. ವ್ಯಂಗ್ಯ ನನ್ನ ಕಸುಬು, ಅವರದಲ್ಲ. ಮಗ್ಗುಲು ಹೊರಳಿ ಮಲಗಿದರು. ನನಗೆ ಅವಮಾನವಾಯಿತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು.

ಬೆಳಗ್ಗೆ ಅವರು ಹಾಲು ತರಲು ಹೋದಾಗ ಗುಬ್ಬಿಗೆ ಫೋನ್ ಮಾಡಿದೆ.

“ನಿಮ್ಮಣ್ಣನ್ನ ಮದುವೆಗೆ ಕಳಿಸ್ತೀನಿ” ಎಂದೆ, ಗತ್ತು ಬಿಡದೆ.

“ಅಣ್ಣ ಬರಲ್ಲ ಅತ್ತಿಗೆ. ‘ಅವತ್ತು ನಾನೂ ನಗಬಾರ್ದಿತ್ತು, ಅವಳ್ನ ಬುಟ್ಟು ಒಬ್ನೇ ಬಂದು ನಿಂತ್ಕೊಳಲ್ಲ’ ಅಂತ ಹೇಳ್ಬುಟ್ಟವ್ನೆ. ಮಗಳ್ನ ಕರ್ಕೊಂಡ್ ಬರೋಕೆ ದೊಡ್ಡಪ್ಪನ ಮಗನ್ನ ಕೇಳ್ಕೊಂಡಿದೀವಿ.”



“ದೊಡ್ಡಪ್ಪನ ಮಗನಿಗೆ ಬೇಡ ಅಂತ ಹೇಳ್ಬಿಡು ಕಣೇ” ಎಂದೆ. “ಇಬ್ರೂ ಬರ್ತೀವಿ.”