ಮುದಕಪ್ಪನ ಗಾಡಿಯ ನಟ್ಟು

ಮುದಕಪ್ಪನಿಗೆ ಮುದುಕನಾಗುವ ತಾಪತ್ರಯವೇ ಇರಲಿಲ್ಲ. ತೊಟ್ಟಿಲಲ್ಲಿ ಮಲಗಿಸಿ ಅಜ್ಜನ ಹೆಸರು ಕೂಗಿದ ದಿನವೇ ಆ ಕೆಲಸ ಮುಗಿದುಹೋಗಿತ್ತು. ಧಾರವಾಡದ ಕಡೆಯಿಂದ ಬಂದು ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಫಿಟರ್ ಆದವನು. ಕೆಲಸದಲ್ಲಿ ಚುರುಕು. ಆದರೆ ಪಾಳಿ ಮುಗಿಸಿ ಗೇಟು ದಾಟಿದನೆಂದರೆ ಕಾಲು ಒಂದು ದಾರಿ, ಮನಸ್ಸು ಇನ್ನೊಂದು ದಾರಿ. ಬಿದಿರು ಹೊತ್ತ ಲಾರಿಗಳ ಸಾಲು ಕಂಡರೆ ಅವು ಬಂದ ಕಾಡನ್ನೆಲ್ಲ ನಿಂತಲ್ಲೇ ಸುತ್ತಿ ಬರುತ್ತಿದ್ದ. ಸಂತೆಗೆ ಹೋದವನು ಒಮ್ಮೆ ಕಾಯಿಪಲ್ಯೆಯನ್ನೂ ಚೀಲವನ್ನೂ ಅಲ್ಲೇ ಬಿಟ್ಟು, ಅಲ್ಲಿ ಕಂಡ ಮೋಡದ ಸುದ್ದಿಯನ್ನಷ್ಟೇ ಮನೆಗೆ ತಂದಿದ್ದ. ಇಂಥವನು ಕಾರು ಕೊಂಡ ಎಂದರೆ ಯಾರು ನಂಬಬೇಕು?

ಕೊಂಡದ್ದೇನೋ ನಿಜ. ಕಟ್ಟಿಗೆ ಗುತ್ತಿಗೆದಾರನೊಬ್ಬನ ಹಿತ್ತಲಲ್ಲಿ ಕೋಳಿಗಳು ಮೊಟ್ಟೆಯಿಡಲು ಹೋಗುತ್ತಿದ್ದ ಹಳೆಯ ಅಂಬಾಸಿಡರ್ ಅದು. ಲಾರಿಯ ಹಿಂದೆ ಹಗ್ಗ ಕಟ್ಟಿ ಎಳೆಸಿಕೊಂಡು ಬರುವಾಗ ಮೂರು ಗಾಲಿ ಉರುಳಿದವು. ಬಲಗಡೆಯ ಹಿಂದಿನ ಗಾಲಿ ಮಾತ್ರ ಹಟಮಾರಿ ಕರುವಿನ ಹಾಗೆ ಕಾಲೂರಿಕೊಂಡೇ ಬಂತು. ಎಂಜಿನ್ನನ್ನು ಮುದಕಪ್ಪ ಬಿಚ್ಚಿ, ತೊಳೆದು, ಜೋಡಿಸಿ ಮಾತಾಡಿಸಿದ. ಆ ಗಾಲಿಯ ಒಳಗಿನ ಬೇರಿಂಗು ಮಾತ್ರ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಅದಕ್ಕೆ ಕೈಹಾಕಬೇಕೆಂದರೆ ಮೊದಲು ಆಕ್ಸಲ್ಲಿನ ನಟ್ಟು ಬಿಚ್ಚಬೇಕು. ನಟ್ಟು ಬಿಚ್ಚುತ್ತಿರಲಿಲ್ಲ.

ಅದು ಬರೀ ನಟ್ಟಾಗಿದ್ದರೆ ಅವನು ಇಷ್ಟು ಒದ್ದಾಡುತ್ತಿರಲಿಲ್ಲ. ಅದರ ಹಿಂದೆ ಅವನ ಹೆಂಡತಿ ದುರ್ಗವ್ವನ ತವರುಮನೆ ಸಿಕ್ಕಿಕೊಂಡಿತ್ತು.

ನಾಲ್ಕು ವರ್ಷದ ಹಿಂದಿನ ಮಾತು. ನಾಗರಪಂಚಮಿಗೆ ಇಬ್ಬರೂ ಮುಂಡಗೋಡದ ಹತ್ತಿರದ ಪಾಳಾಕ್ಕೆ, ಅವಳ ಅಣ್ಣ ಶೇಖಪ್ಪನ ಮನೆಗೆ ಹೋಗಿದ್ದರು. ಮುದಕಪ್ಪ ಅಲ್ಲಿ ತಾನು ಕೊಳ್ಳಲಿರುವ ಕಾರಿನ ವರ್ಣನೆ ಶುರುಮಾಡಿದ. ಸೀಟಿನ ಬಣ್ಣದವರೆಗೆ ಬಂದಾಗ ಶೇಖಪ್ಪ ಬೀಗರ ಎದುರಿಗೇ ನಕ್ಕು, ನಮ್ಮ ತಂಗಿಯ ಗಂಡ ಕನಸಿನಲ್ಲಿ ಕಾರು ಹೊಡೆಯುತ್ತಾನೆ, ಎದ್ದಾಗ ಗೋಡೆಗೆ ಹಾಯ್ದಿರುತ್ತಾನೆ ಎಂದ. ಎಲ್ಲರೂ ನಕ್ಕರು. ಮುದಕಪ್ಪನೂ ನಕ್ಕ. ದುರ್ಗವ್ವ ನಗಲಿಲ್ಲ. ಗಂಡನನ್ನು ದಿನಕ್ಕೆ ಹತ್ತು ಸಲ ಆಡಿಕೊಳ್ಳುವವಳು ಅವಳೇ. ಆದರೆ ಅದು ಅವಳ ಹಕ್ಕು, ಬೇರೆಯವರದಲ್ಲ. ಹೊಸ್ತಿಲ ಹೊರಗೆ ಬಂದು ನಿಂತು ಆಣೆ ಇಟ್ಟಳು:

"ಇನ್ನ ಈ ಹೊಸ್ತಿಲಾ ತುಳದ್ರ ಗಾಡ್ಯಾಗ ಬಂದ ತುಳೀತೇನಿ. ಇಲ್ಲಾಂದ್ರ ಇಲ್ಲ."

ಮರುವರ್ಷ ಅಣ್ಣ ಕರೆಯಲು ಬಂದ. ಚಹಾ ಕೊಟ್ಟಳು, ಶೇಂಗಾದುಂಡಿ ಕಟ್ಟಿಕೊಟ್ಟಳು, ಹಿಂದೆ ಕಳಿಸಿದಳು. ಆಮೇಲೆ ಅವನು ಬರುವುದನ್ನು ಬಿಟ್ಟ. ಈ ಸಲ ಶ್ರಾವಣ ಹತ್ತಿರವಾದಾಗ ಬಿದಿರು ಲಾರಿಯ ಡ್ರೈವರನ ಕೈಯಲ್ಲಿ ಹೇಳಿಕಳಿಸಿದ್ದ: ಪಂಚಮಿಗೆ ಬಂದರೆ ಬಾ, ಬರದಿದ್ದರೆ ಇನ್ನು ಕರೆಯುವುದಿಲ್ಲ. ಆ ದಿನ ದುರ್ಗವ್ವ ಎರಡು ಸಲ ಸಾರಿಗೆ ಉಪ್ಪು ಹಾಕಿದಳು.

ಸಂಜೆಯಾದರೆ ಗಂಡ ಹೆಂಡತಿ ಆ ನಿಂತ ಕಾರಿನಲ್ಲಿ ಕೂಡುವುದು ರೂಢಿಯಾಗಿತ್ತು. ಅವನು ಸ್ಟಿಯರಿಂಗ್ ಹಿಡಿಯುವನು, ಅವಳು ಪಕ್ಕದಲ್ಲಿ ಮೊರ ಹಿಡಿದು ಅಕ್ಕಿ ಆರಿಸುವಳು. ಹೊರಗೆ ಜಿಟಿಜಿಟಿ ಮಳೆ. ಗಾಜಿನ ಮೇಲೆ ನೀರಿಳಿಯುವಾಗ ಎದುರಿನ ಕ್ವಾರ್ಟರ್ಸಿನ ಗೋಡೆ ಕರಗಿ, ಅಲ್ಲಿ ರಸ್ತೆ ಬಿಚ್ಚಿಕೊಳ್ಳುತ್ತಿತ್ತು. ಹಳಿಯಾಳ ಬಂತು ಎನ್ನುವನು ಮುದಕಪ್ಪ. ತೇರಗಾಂವದ ಗದ್ದೆ ನೋಡು, ಎಷ್ಟು ಹಸಿರು ಎನ್ನುವನು. ಅತ್ತಿವೇರಿಯ ನೀರಿನ ದಂಡೆಗೆ ಗಾಡಿ ನಿಲ್ಲಿಸಿ ಅವಳಿಗೆ ಕಾಲು ತೊಳೆಯಲು ಹೇಳುವನು. ಅವಳು ಬಾಯಿಗೆ ಸೆರಗು ಹಿಡಿದು ನಗುತ್ತ, ಕೂತಲ್ಲೇ ಕಾಲು ಮುಂದೆ ಚಾಚುವಳು. ಆದರೆ ಪಾಳಾ ಬರುವ ಮೊದಲೇ ಬಾಗಿಲು ತೆಗೆದು, ರೊಟ್ಟಿ ಬಡಿಯಬೇಕೆಂದು ಇಳಿದುಬಿಡುವಳು. ಅವನೊಬ್ಬನೇ ಉಳಿದ ದಾರಿ ಹೋಗುತ್ತಿರಲಿಲ್ಲ. ಅವಳಿಲ್ಲದೆ ಅಲ್ಲಿಗೆ ಹೋಗಿ ಏನು ಹೇಳಬೇಕು?

ನಟ್ಟಿಗೆ ಅವನು ಮಾಡದ ಉಪಚಾರವಿಲ್ಲ. ಚಿಮಣಿ ಎಣ್ಣೆ ಕುಡಿಸಿದ, ಯಂತ್ರದ ಎಣ್ಣೆ ಕುಡಿಸಿದ, ಬೆಂಕಿ ಹಿಡಿದು ಕಾಯಿಸಿದ, ಸುತ್ತಿಗೆಯಿಂದ ನೆರೆಯವರ ನಿದ್ದೆ ಕೆಡುವ ಹಾಗೆ ಬಡಿದ. ಜೊತೆಯ ಫಿಟರ್ ಪೆದ್ರು, ಹಳಿಯಾಳದ ಕಡೆಯ ಸಿದ್ದಿ ಕ್ರಿಸ್ತರವನು, ಒಂದು ಉದ್ದನೆಯ ಕಬ್ಬಿಣದ ಪೈಪು ತಂದುಕೊಟ್ಟ. ಅದನ್ನು ನಟ್ಟು ತಿರುವುವ ಪಾನಾದ ಹಿಡಿಕೆಗೆ ತೂರಿಸಿ ಇಬ್ಬರೂ ಜಗ್ಗಿದರು. ಗಾಲಿ ಅಲುಗದಂತೆ ಹಿಡಿಯಬೇಕಾದ ತೊಂದರೆಯಂತೂ ಇರಲಿಲ್ಲ, ತಿರುಗದಿರುವುದೇ ಅದರ ರೋಗವಾಗಿತ್ತಲ್ಲ. ಕೊನೆಗೆ ಪೆದ್ರು ಬೆವರೊರೆಸಿಕೊಂಡು, ಈ ನಟ್ಟಿಗೂ ಆಕ್ಸಲ್ಲಿಗೂ ತಮ್ಮ ಚರ್ಚಿನಲ್ಲಿ ಮದುವೆಯಾಗಿದೆ, ಇನ್ನು ಬಿಡುಗಡೆಯಿಲ್ಲ ಎಂದು ಹೇಳಿ ಮನೆಗೆ ಹೋದ.

ಹೀಗೇ ಪಂಚಮಿ ಬಂದುಬಿಟ್ಟಿತು. ನಸುಕಿನಲ್ಲಿ ಮುದಕಪ್ಪ ಸುತ್ತಿಗೆ ಎತ್ತಿದ್ದೇ ತಡ, ದುರ್ಗವ್ವ ಒಳಗಿನಿಂದ ಓಡಿಬಂದು ಅಡ್ಡ ನಿಂತಳು. ಪಂಚಮಿಯ ದಿನ ನೆಲ ಅಗೆಯುವುದಿಲ್ಲ, ಕಾಯಿಪಲ್ಯೆ ಹೆಚ್ಚುವುದಿಲ್ಲ, ಒಲೆಯ ಮೇಲೆ ಹಂಚು ಇಡುವುದಿಲ್ಲ. ಅಂಥ ದಿನ ಸುತ್ತಿಗೆ ಬೀಸಿದರೆ ಏಟು ನಾಗಪ್ಪನ ಹೆಡೆಗೇ ಬೀಳುತ್ತದೆ ಎಂದು ಅವಳ ವಾದ. ಸರಿ, ಬೆಂಕಿ ಹಿಡಿಯಲೇ ಎಂದ. ಅದೂ ಕೂಡದು. ಮುದಕಪ್ಪ ಕಾರಿನ ಪಕ್ಕ ಕುಕ್ಕರಗಾಲಲ್ಲಿ ಕೂತ. ಅವನಿಗೆ ನಿಜವಾಗಿ ಅಳು ಬಂತು. ತನ್ನ ಕನಸಿನ ಬೆಲೆಯನ್ನು ನಾಲ್ಕು ವರ್ಷ ಅವಳು ಕೊಟ್ಟಳಲ್ಲ ಎನ್ನಿಸಿತು.

ತಿರುವಲು ಅಡ್ಡಿಯಿಲ್ಲವಲ್ಲ ಎಂದು ಕೊನೆಗೆ ಕೇಳಿದ. ಅವಳು ಯೋಚಿಸಿ, ತಿರುವುವುದಕ್ಕೆ ಶಾಸ್ತ್ರದಲ್ಲಿ ಏನೂ ಹೇಳಿಲ್ಲ ಎಂದಳು. ಪಾನಾ ಸಿಕ್ಕಿಸಿ, ಪೈಪು ತೂರಿಸಿ, ಮೈಯ ಭಾರ ಹಾಕಿ ಒಂದೇ ಸಮ ಜಗ್ಗಿದ. ಮುಖ ಕೆಂಪಾಯಿತು, ನಟ್ಟಿಗೆ ಏನೂ ಆಗಲಿಲ್ಲ. ದುರ್ಗವ್ವ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು.

"ಪಂಚಮಿ ಜೋಕಾಲಿ ಜಗ್ಗಿದ್ರ ಏರೂದಿಲ್ರಿ. ಜೀಕಬೇಕು. ಸರೀರಿ ಅತ್ತಾಗ."

ಅವಳು ಪೈಪಿನ ತುದಿಯ ಮೇಲೆ ಓರೆಯಾಗಿ ಕೂತಳು. ಒಂದು ಕೈ ಕಾರಿನ ಡಿಕ್ಕಿಯ ಮೇಲೆ. ಕಾಲ ಹೆಬ್ಬೆರಳಿಂದ ನೆಲ ಒತ್ತಿ, ಬಿಟ್ಟು, ಒತ್ತಿ, ಬಿಟ್ಟು, ಮೆಲ್ಲಗೆ ಜೀಕತೊಡಗಿದಳು. ಪೈಪು ಬಳುಕಿ ಏಳುವುದು, ಬಳುಕಿ ಇಳಿಯುವುದು. ತನ್ನಷ್ಟಕ್ಕೆ ಪಂಚಮಿಯ ಹಾಡೊಂದನ್ನು ಮೂಗಿನಲ್ಲೇ ಗುನುಗಿದಳು. ಮಳೆ ನಿಂತು ಎಳೆಬಿಸಿಲು ಬಂದಿತ್ತು. ಮುದಕಪ್ಪನ ಕಣ್ಣಿಗೆ ಪೈಪೂ ಕಾರೂ ಮಸುಕಾಗಿ, ಪಾಳಾದ ಹುಣಸೆಮರದ ಟೊಂಗೆಗೆ ಕಟ್ಟಿದ ಜೋಕಾಲಿ ಕಂಡಿತು. ಅದರಲ್ಲಿ ಅವನು ಎಂದೂ ನೋಡಿರದ, ಎರಡು ಜಡೆಯ ಹುಡುಗಿ. ದುರ್ಗವ್ವನಿಗೂ ಅದೇ ಕಂಡಿತೋ ಏನೋ.

"ನಮ್ಮಣ್ಣ ಹಿಂದಿಂದ ನೂಕ್ತಿದ್ದ," ಎಂದಳು. "ಅಂವ ನೂಕಿದ್ರ ನನಗ ಅಂಜಿಕಿನ ಇರ್ತಿರಲಿಲ್ಲ."

ಹೇಳಿ ಮುಗಿಸುವಷ್ಟರಲ್ಲಿ ಕಿರ್ರ್ ಎಂದು ಒಂದು ಸಣ್ಣ ದನಿ ಬಂತು. ಪೈಪು ಕೆಳಗಿಳಿಯುತ್ತಲೇ ಹೋಯಿತು, ಅದರ ಜೊತೆಗೆ ದುರ್ಗವ್ವನೂ ಇಳಿದು ಹಸಿ ಮಣ್ಣಿನಲ್ಲಿ ಕೂತಳು. ನಟ್ಟು ಬಿಟ್ಟಿತ್ತು. ಅವಳು ನಕ್ಕಳು, ನಗುತ್ತ ನಗುತ್ತ ಅತ್ತಳು. ಮುದಕಪ್ಪ ಕೈಯಿಂದಲೇ ನಟ್ಟನ್ನು ತಿರುವಿ ತಿರುವಿ ಹೊರಗೆ ತಂದು, ಹುಟ್ಟಿದ ಕೂಸನ್ನು ತೋರಿಸುವ ಹಾಗೆ ಅವಳಿಗೆ ತೋರಿಸಿದ. ಆಮೇಲೆ ಅವನ ಮಾತಿಗೆ ತಡೆಯೇ ಇಲ್ಲ. ನಾಳೆ ಬೇರಿಂಗು ತರುತ್ತೇನೆ, ನಾಡಿದ್ದು ಕೂಡಿಸುತ್ತೇನೆ, ಅದರ ಮರುದಿನ ಗಾಡಿ ಪಾಳಾದ ಓಣಿಯಲ್ಲಿ ಹಾರ್ನು ಹೊಡೆಯುತ್ತದೆ ಎಂದು ಹೇಳುತ್ತಲೇ ಇದ್ದ.

ದುರ್ಗವ್ವ ಒಳಗೆ ಹೋದಳು. ಬಂದಾಗ ಹಸಿರು ಇಳಕಲ್ ಸೀರೆ ಉಟ್ಟಿದ್ದಳು, ಕೈಯಲ್ಲಿ ಚೀಲವಿತ್ತು.

"ಹಳಿಯಾಳದ ಗಾಡಿ ಎಷ್ಟೊತ್ತಿಗೈತ್ರಿ?"

ಮುದಕಪ್ಪನಿಗೆ ತಿಳಿಯಲಿಲ್ಲ. ಅವಳೇ ಬಿಡಿಸಿ ಹೇಳಿದಳು: ಪಂಚಮಿ ಇವತ್ತು, ನಾಡಿದ್ದಲ್ಲ. ತಾನು ಆಣೆ ಇಟ್ಟದ್ದು ಗಾಡಿಯಲ್ಲಿ ಬರುತ್ತೇನೆಂದು. ಕಾರೆಂದು ಬಾಯಿಬಿಟ್ಟು ಹೇಳಿಲ್ಲ. ಬಸ್ಸಿಗೂ ಊರೆಲ್ಲ ಗಾಡಿಯೆಂದೇ ಅನ್ನುತ್ತದೆ.

ಅವನು ನಟ್ಟು ಹಿಡಿದುಕೊಂಡೇ ನಿಂತ. "ನಾಕ ವರ್ಷದ ಹಿಂದ ಇದು ನಿನಗ ಗೊತ್ತಿರಲಿಲ್ಲೇನು?"

"ಗೊತ್ತಿತ್ತು," ಎಂದಳು ದುರ್ಗವ್ವ.

ಅವನು ನಟ್ಟನ್ನು ಕಾರಿನ ಸೀಟಿನ ಮೇಲಿಟ್ಟು ಕೈ ತೊಳೆಯಲು ಹೋದ. ಕೈ ಎಷ್ಟು ತಿಕ್ಕಿದರೂ ಉಗುರಿನ ಕಪ್ಪು ಹೋಗಲಿಲ್ಲ, ಹಾಗೇ ಹೊರಟ. ಹಳಿಯಾಳದಲ್ಲಿ ಗಾಡಿ ಬದಲಿಸಿದರು, ಕಲಘಟಗಿಯಲ್ಲಿ ಮತ್ತೊಂದು. ಕಿಟಕಿಯ ಹೊರಗೆ ಗದ್ದೆಗಳು ಅವನು ಹೇಳುತ್ತಿದ್ದುದಕ್ಕಿಂತ ಹೆಚ್ಚು ಹಸಿರಾಗಿದ್ದವು. ದಾರಿಯುದ್ದಕ್ಕೂ ಒಂದೂ ಊರಿನ ಹೆಸರು ಕೂಗಿ ಹೇಳದೆ ಅವನು ಸುಮ್ಮನೆ ನೋಡುತ್ತ ಕೂತ. ಮುಂಡಗೋಡ ದಾಟಿದ ಮೇಲೆ ದುರ್ಗವ್ವ ಅವನ ಮುಂಗೈ ಹಿಡಿದಳು, ಪಾಳಾ ಬರುವತನಕ ಬಿಡಲಿಲ್ಲ.

ಹೊತ್ತು ಇಳಿದಿತ್ತು. ಶೇಖಪ್ಪ ಮನೆಯ ಮುಂದಿನ ಕಟ್ಟೆಯ ಮೇಲೆ ಒಬ್ಬನೇ ಕೂತಿದ್ದ. ನಡೆದು ಬರುವ ಇಬ್ಬರನ್ನೂ ನೋಡಿದ. ಅವನ ಕಣ್ಣು ಅವರ ಹಿಂದೆ ಕಾರು ಹುಡುಕಲಿಲ್ಲ. ಎದ್ದು ನಿಂತು, ಬೆಳಿಗ್ಗೆ ಬರಬೇಕಾದವಳು ಸಂಜೆ ಬಂದಳೇನೋ ಎಂಬಂತೆ ಕೇಳಿದ:

"ಯಾಕವ್ವಾ, ಇಷ್ಟ ತಡಾ ಮಾಡಿದಿ?"

ದುರ್ಗವ್ವ ಗಂಡನ ಕಪ್ಪು ಉಗುರುಗಳ ಕಡೆ ಒಮ್ಮೆ ನೋಡಿದಳು.

"ನಟ್ಟು ಬಿಡಲಿಲ್ಲೋ ಯಣ್ಣಾ."

ಶೇಖಪ್ಪನಿಗೆ ಏನೂ ತಿಳಿಯಲಿಲ್ಲ. ತಂಗಿಯ ಕೈಯ ಚೀಲ ಇಸಿದುಕೊಂಡು, ಕಾಲಿಗೆ ನೀರು ತರಲು ಒಳಗೆ ಕೂಗಿ ಹೇಳಿದ.