ಸೊಂಟಕ್ಕೆ ಢೋಲು, ಹೆಬ್ಬೆರಳಿಗೆ ಊತ

ಐವತ್ತು ದಾಟಿದ ಮೇಲೆ ನನಗೆ ಢೋಲಿನ ಹುಚ್ಚು ಹಿಡಿಯಿತು. ನಮ್ಮ ಡೊಂಬಿವಲಿಯಲ್ಲಿ ಯುಗಾದಿಯ ದಿನ, ಅಂದರೆ ಇಲ್ಲಿಯವರ ಗುಡಿ ಪಾಡ್ವದ ದಿನ, ಬೆಳಿಗ್ಗೆ ದೊಡ್ಡ ಮೆರವಣಿಗೆ ಹೊರಡುತ್ತದೆ. ಸೊಂಟಕ್ಕೆ ಢೋಲು ಬಿಗಿದು ಬಡಿಯುತ್ತ ನಡೆಯುವ ಹೆಂಗಸರನ್ನು ಬಾಲ್ಕನಿಯಿಂದ ನೋಡಿ ನೋಡಿ ಸಾಕಾಗಿತ್ತು. ಈ ಸಲ ನಾನೂ ಅಲ್ಲಿರಲೇಬೇಕು ಎಂದು ಕೆಲವು ತಿಂಗಳು ಮೊದಲೇ ಢೋಲು ತಂಡಕ್ಕೆ ಸೇರಿಕೊಂಡೆ. ಅಭ್ಯಾಸದಲ್ಲಿ ಮೊದಲ ಪೆಟ್ಟು ಬಿದ್ದಾಗ ಆದ ಖುಷಿ ಮದುವೆಯ ದಿನವೂ ಆಗಿರಲಿಲ್ಲ. ಗಂಡನಿಗೆ ಇದನ್ನು ಹೇಳಿಯೂ ಬಿಟ್ಟೆ.

ಕೆಲವು ವಾರ ಕಳೆದಿರಬೇಕು. ಒಂದು ಬೆಳಿಗ್ಗೆ ಬಲಗಾಲಿನ ಹೆಬ್ಬೆರಳು ಕೆಂಪಗೆ ಊದಿಕೊಂಡು, ಚಾದರ ತಾಗಿದರೂ ಜೀವ ಹೋಗುವಂತಾಯಿತು. ರಕ್ತ ಪರೀಕ್ಷೆಯಲ್ಲಿ ಯೂರಿಕ್ ಆ್ಯಸಿಡ್ ಹೆಚ್ಚಿದೆ ಎಂದು ಬಂತು. ಥಾಣೆಯಲ್ಲಿ ಹೋಟೆಲ್ ನಡೆಸುವ, ಉಡುಪಿ ಕಡೆಯ ನನ್ನ ಗಂಡ ಅಲ್ಲೇ ತೀರ್ಪು ಕೊಟ್ಟರು. "ಇನ್ನು ಢೋಲು ಗೀಲು ಎಲ್ಲ ಬಂದ್ ಮಾರಾಯ್ತಿ. ಸುಮ್ಮನೆ ಮನೆಯಲ್ಲಿ ಕೂತ್ಕೋ." ನನಗೆ ಮೈಯೆಲ್ಲ ಉರಿದುಹೋಯಿತು.

ಡಾಕ್ಟರು ಧಾರವಾಡದವರು. ಅವರು ಕೇಳಿದ್ದೇ ಬೇರೆ. "ಆಫೀಸ್ ಬಿಡೂ ಮುಂದ ನೀರು ಕುಡೀತೀರೇನ್ರೀ?"

"ಟ್ರೇನ್ ಹತ್ತಲಿಕ್ಕೆ ಉಂಟಲ್ಲ ಡಾಕ್ಟ್ರೇ" ಎಂದೆ.

ಲೇಡೀಸ್ ಡಬ್ಬದಲ್ಲಿ ಒಂದು ಗಂಟೆಗೂ ಹೆಚ್ಚು ನೇತಾಡಿಕೊಂಡು ಬರುವ ನಮಗೆಲ್ಲ ಇದು ರೂಢಿ. ಲೋಕಲ್‌ನಲ್ಲಿ ಶೌಚಾಲಯವಿಲ್ಲ. ಹಾಗಾಗಿ ಮಧ್ಯಾಹ್ನದ ಊಟದ ನಂತರ ಯಾರೂ ನೀರು ಮುಟ್ಟುವುದಿಲ್ಲ. ನಾನು ಹಾಗೆ ಒಣಗಿಕೊಂಡೇ ಸ್ಟೇಷನ್ನಿನಿಂದ ನೇರ ಅಭ್ಯಾಸಕ್ಕೆ ಹೋಗಿ ಬೆವರು ಸುರಿಸುತ್ತಿದ್ದೆ.

"ಒಣಗಿದ ಮೈಯಿಂದ ಬೆವರು ಹರಿಸಿದ್ರ ಆ್ಯಸಿಡ್ ರಕ್ತದಾಗ ಇನ್ನೂ ಗಟ್ಟಿ ಆಗ್ತದ, ಕೀಲಿನ್ಯಾಗ ಹೋಗಿ ಕೂಡ್ತದ" ಎಂದರು. "ವ್ಯಾಯಾಮ ಬಿಡಬ್ಯಾಡ್ರಿ. ಊತ ಪೂರಾ ಇಳಿಯೂತನಕ ಕಾಲಿಗೆ ವಿಶ್ರಾಂತಿ ಕೊಡ್ರಿ, ಆಮ್ಯಾಲೆ ಸಾವಕಾಶ ಶುರು ಮಾಡ್ರಿ. ನೋವು ಬಂತಂದ್ರ ಹಟ ಮಾಡಬ್ಯಾಡ್ರಿ."

ಹಟ ನನ್ನ ಹುಟ್ಟುಗುಣ, ಆದರೂ ಒಪ್ಪಿದೆ. ಮಾತ್ರೆ ನುಂಗಿದೆ. ಆಫೀಸಿನಲ್ಲಿ ದಿನವಿಡೀ ನೀರು ಕುಡಿದು, ಹೊರಡುವ ಮುಂಚೆ ಶೌಚಾಲಯಕ್ಕೆ ಹೋಗಿ ಟ್ರೇನ್ ಹತ್ತಿದೆ. ಊತ ಇಳಿದ ಮೇಲೆ ಸೊಸೈಟಿಯ ಅಂಗಳದಲ್ಲಿ ಬರೀ ನಡಿಗೆ, ಆಮೇಲೆ ಕೂತು ಬಡಿಯುವುದು, ಕೊನೆಗೆ ಢೋಲನ್ನು ಮತ್ತೆ ಸೊಂಟಕ್ಕೆ ಕಟ್ಟಿದ್ದು. ಪಾಡ್ವ ಹತ್ತಿರ ಬರುತ್ತಿತ್ತು. ನನ್ನನ್ನು ಮೆರವಣಿಗೆಗೆ ಸೇರಿಸುತ್ತಾರೋ ಇಲ್ಲವೋ ಎಂಬ ಒಂದೇ ಯೋಚನೆ.

ತಂಡದ ನಾಯಕಿ ಕಾಲೇಜು ಹುಡುಗಿ. ಅಪ್ಪ ಅಮ್ಮ ವಿಜಯಪುರದವರು. ಅವಳಿಗೆ ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲೇ. ನಾನು ಬಡಿತದ ನಡುವೆ ನಿಲ್ಲಿಸಿ ನೀರು ಕುಡಿದದ್ದಕ್ಕೆ ಮುಖ ಗಂಟು ಹಾಕಿದಳು. "ಕಾಕೂ, ಬೀಚ್ ಮೇ ನಹೀಂ ರುಕ್‌ನೇ ಕಾ. ತಾಲ್ ಟೂಟ್ತಾ ಹೈ."

"ತಾಳ ತುಂಡಾದ್ರೆ ಜೋಡಿಸ್ಬಹುದು ಮಗಾ, ನನ್ನ ಕಾಲಿಗೆ ಅದಾಗುದಿಲ್ಲ" ಎಂದೆ. "ಒಂದು ಢೋಲಿಗೆ ಇಬ್ಬರನ್ನಿಡು. ಒಬ್ಬಳು ಬಡಿಯುವಾಗ ಇನ್ನೊಬ್ಬಳು ಸುಧಾರಿಸ್ಕೊಳ್ಳಲಿ."

ಅವಳಿಗೆ ಮನಸ್ಸಿರಲಿಲ್ಲ. ಒಂದು ಸಂಜೆ ಪರೀಕ್ಷೆಗೆಂದು ಮಾಡಿ ನೋಡಿದಳು. ದಣಿಯದ ಕೈಗಳ ಪೆಟ್ಟಿಗೆ ಸುತ್ತಲಿನ ಕಟ್ಟಡದವರೆಲ್ಲ ಕಿಟಕಿಗೆ ಬಂದರು. ಮರುದಿನದಿಂದ ಎಲ್ಲರಿಗೂ ಅದೇ ನಿಯಮ.

ಪಾಡ್ವದ ಬೆಳಿಗ್ಗೆ ತಲೆಗೆ ಕೇಸರಿ ಪೇಟ ಸುತ್ತಿಕೊಂಡು ರಸ್ತೆಗಿಳಿದೆ. ನನ್ನ ಸರದಿ ಬಂದಾಗ ಲೋಕವೇ ಮರೆತುಹೋಯಿತು. ಬಡಿದೆ, ಢೋಲು ದಾಟಿಸಿದೆ, ಉಸಿರು ತಂದುಕೊಂಡೆ, ಮತ್ತೆ ಬಡಿದೆ. ಜನರ ನಡುವೆ ಗಂಡ ಮೊಬೈಲ್ ಎತ್ತಿ ಹಿಡಿದು ಹಿಂದೆ ಹಿಂದೆಯೇ ನಡೆಯುತ್ತಿದ್ದರು. ಕೊನೆಗೆ ನೋಡಿದರೆ ವಿಡಿಯೋ ತುಂಬ ರಸ್ತೆಯೇ, ನಾನೆಲ್ಲೂ ಇಲ್ಲ.

ಮರುದಿನ ಬೆಳಿಗ್ಗೆ ಎಚ್ಚರವಾದಾಗ ಅವರು ನನ್ನ ಕಾಲ ಬುಡದಲ್ಲಿ ಕೂತು ಹೆಬ್ಬೆರಳನ್ನು ಮೆಲ್ಲಗೆ ಒತ್ತುತ್ತಿದ್ದರು.

"ನೋವುಂಟಾ?"

"ಇಲ್ಲ."

ಏಳಲು ಹೋದೆ, ಆಗಲಿಲ್ಲ. ಎರಡೂ ಭುಜ ಕಿತ್ತುಹೋಗುವಂತೆ ನೋಯುತ್ತಿದ್ದವು. ಫೋನ್ ನೋಡಿದರೆ ತಂಡದ ಹುಡುಗಿಯರೆಲ್ಲ ಭುಜ ನೋವು, ಭುಜ ನೋವು ಎಂದು ಬರೆದಿದ್ದರು. ಕಷ್ಟಪಟ್ಟು ಕೈಯೆತ್ತಿ, ನನಗೂ ಎಂದು ಬರೆದೆ.